ಯಜಮಾನರ ಧ್ವನಿ

ಕಳೆದ ಬೇಸಿಗೆ ರಜೆಯಲ್ಲಿ ಗುಲ್ವಾಡಿಯ ನಮ್ಮ ಮನೆಯ ಅಂಗಳಕ್ಕೆ ಒಂದು ಕಾರು ಬಂದು ನಿಂತಿತು. ಇಳಿದವರು ಬೆಂಗಳೂರಿನವರು. ಹಳೆಯ ಗ್ರಾಮಫೋನ್ ರೆಕಾರ್ಡುಗಳನ್ನು ಸಂಗ್ರಹಿಸುವುದು ಅವರ ಹವ್ಯಾಸ. ಹಿಂದೆ ಮದುವೆ ಮನೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವರನ್ನೆಲ್ಲ ಕುಂದಾಪುರದ ಆಸುಪಾಸಿನಲ್ಲಿ ಹುಡುಕಿ, ಅವರ ಅಟ್ಟಗಳನ್ನು ಜಾಲಾಡಿ, ಕೊನೆಗೆ ನನ್ನ ತಮ್ಮನ ಬಾಯಿಂದ ನಮ್ಮ ಮನೆಯ ಟ್ರಂಕಿನ ಸುದ್ದಿ ಕೇಳಿ ಬಂದಿದ್ದರು.

ಟ್ರಂಕನ್ನು ಚಾವಡಿಗೆ ತಂದು ಮುಚ್ಚಳ ತೆರೆದೆವು. ಅವರು ಹೆರಿಗೆ ಮಾಡಿಸುವ ಡಾಕ್ಟರಂತೆ ಎರಡೂ ಕೈಗೆ ಬಿಳಿ ಗವಸು ಹಾಕಿಕೊಂಡರು. ಒಳಗಿದ್ದದ್ದು 46 ರೆಕಾರ್ಡುಗಳು. ಎಲ್ಲವೂ ಅಂಗೈಗಿಂತ ಸ್ವಲ್ಪ ದೊಡ್ಡದಾದ, 45ರ ವೇಗದ ಸಣ್ಣ ತಟ್ಟೆಗಳು. ನಮ್ಮ ಕಡೆ ಅದಕ್ಕೆ ‘ಪ್ಲೇಟು’ ಎಂದೇ ಹೆಸರು.

‘ಯಾರ ಕಲೆಕ್ಷನ್ ಮೇಡಂ ಇದು?’ ಎಂದು ಕೇಳಿದರು.

‘ನಮ್ಮ ತಂದೆಯವರದ್ದು’ ಎಂದೆ ನಾನು, ಯೋಚಿಸದೆ.

‘ಅಬ್ಬ, ಆ ಕಾಲದಲ್ಲಿ, ಈ ಹಳ್ಳಿಯಲ್ಲಿ! ಎಂಥ ಟೇಸ್ಟು ನಿಮ್ಮ ತಂದೆಯವರದ್ದು!’ ಎಂದರು. ಗೋಡೆಯ ಮೇಲೆ ಗಂಧದ ಹಾರ ಹಾಕಿಸಿಕೊಂಡಿದ್ದ ಅಪ್ಪಯ್ಯ, ತನಗೆ ಸಲ್ಲದ ಹೊಗಳಿಕೆಗೆ ಸ್ವಲ್ಪ ಮುಜುಗರ ಪಟ್ಟಂತೆ ಕಂಡಿತು. ಅಮ್ಮ ಚಹಾದ ಲೋಟಗಳನ್ನಿಟ್ಟು ಬಾಗಿಲ ಬಳಿ ನಿಂತಳು. ಏನೂ ಹೇಳಲಿಲ್ಲ.

ಅವರು ಪ್ಲೇಟುಗಳನ್ನು ಎರಡು ಪಾಲು ಮಾಡಿದರು. ಒಂದರಲ್ಲಿ 9, ಇನ್ನೊಂದರಲ್ಲಿ 37. ಒಂಬತ್ತಕ್ಕೆ ತಲಾ 200 ರೂಪಾಯಿ ಕೊಡುತ್ತೇನೆ ಎಂದರು. ಮೂವತ್ತೇಳನ್ನು ತೋರಿಸಿ, ‘ಇವಕ್ಕೆ ಐವತ್ತರ ಮೇಲೆ ಕೊಡಲಾಗುವುದಿಲ್ಲ ಮೇಡಂ. ಯಾರೋ ಲೇಬಲ್ ಮೇಲೆ ಪೆನ್ನಿನಲ್ಲಿ ಗೀಚಿ ಹಾಳು ಮಾಡಿಬಿಟ್ಟಿದ್ದಾರೆ. ತುಂಬ ಪ್ಲೇ ಬೇರೆ ಮಾಡಿದ್ದಾರೆ’ ಎಂದರು. ತಾವಾದರೆ ಒಂದೊಂದನ್ನೂ ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು ಏಸಿ ಕೋಣೆಯಲ್ಲಿ ಕಾಪಾಡುವುದಾಗಿಯೂ, ಸೂಜಿ ಇಟ್ಟಷ್ಟೂ ಬೆಲೆ ಇಳಿಯುವುದರಿಂದ ತಾವು ಹಾಡಿಸುವುದೇ ಇಲ್ಲವೆಂದೂ ವಿವರಿಸಿದರು.

ಆಗ ಅಮ್ಮ ಬಾಯಿ ಬಿಟ್ಟಳು. ‘ಅದ್ ಕೇಂಬುಕೆ ತಕಂಡದ್ದ್ ಮಾರಾಯ್ರೆ, ಕಾಂಬುಕಲ್ಲ. ಮತ್ತೆ, ತಕಂಡದ್ದ್ ಅವ್ರಲ್ಲ, ನಾನ್.’

ಕೇಳುವುದಕ್ಕೆ ಕೊಂಡದ್ದು, ನೋಡುವುದಕ್ಕಲ್ಲ. ಕೊಂಡದ್ದು ಗಂಡನಲ್ಲ, ನಾನು. ಎಂಬತ್ತರ ಹತ್ತಿರದ ಹೆಂಗಸಿನ ಈ ಎರಡು ಮಾತಿಗಾಗಿಯೇ ನಾನಿದನ್ನು ಬರೆಯುತ್ತಿದ್ದೇನೆ. ವರ್ಷಗಟ್ಟಲೆ ಮಕ್ಕಳಿಗೆ ಕರ್ತೃ, ಕರ್ಮ, ಕ್ರಿಯಾಪದ ಕಲಿಸಿದವಳು ನಾನು. ನನ್ನ ಮನೆಯ ವಾಕ್ಯದಲ್ಲೇ ಕರ್ತೃವನ್ನು ತಪ್ಪಾಗಿ ಹೇಳಿದ್ದೆ!

ಯೋಚಿಸಿದರೆ ನನಗೇ ಗೊತ್ತಿತ್ತು. ಅಪ್ಪಯ್ಯ ಬೊಂಬಾಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದವರು. ವರ್ಷದಲ್ಲಿ ಹನ್ನೊಂದು ತಿಂಗಳು ಅವರು ಗುಲ್ವಾಡಿಯಲ್ಲೇ ಇರುತ್ತಿರಲಿಲ್ಲ. ಇದ್ದಾಗಲೂ ಅವರ ಪ್ರಾಣ ಯಕ್ಷಗಾನದ ಮೇಲೆ. ಸಿನೆಮಾ ಹಾಡೆಂದರೆ ‘ಎಂತ ಕರ್ಕರೆ ಅದ್’ ಎನ್ನುತ್ತಿದ್ದರು. ಒಂದು ರಜೆಯಲ್ಲಿ ಸೆಲ್ಲು ಹಾಕಿ ನಡೆಸುವ ಹೆಚ್.ಎಂ.ವಿ. ಫಿಯೆಸ್ಟಾ ಪೆಟ್ಟಿಗೆಯನ್ನು ಅವರು ತಂದದ್ದು ನಿಜ. ಆದರೆ ಪೆಟ್ಟಿಗೆ ತಂದವರು ಹಾಡು ತಂದಂತಾಯಿತೇ? ಒಲೆ ತಂದವರೇ ಅಡುಗೆ ಮಾಡಿದರು ಎಂದಂತೆ ಅದು.

ಅಮ್ಮ ಬೀಡಿ ಕಟ್ಟುತ್ತಿದ್ದಳು. ಆ ಕಾಲದಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಎಷ್ಟೋ ಹೆಂಗಸರ ಕೈಗೆ ನಗದು ದುಡ್ಡು ಬರುತ್ತಿದ್ದ ದಾರಿ ಅದೊಂದೇ. ಮಡಿಲಲ್ಲಿ ಗೆರಸಿ, ಗೆರಸಿಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ಪಕ್ಕದಲ್ಲಿ ಹಾಡುವ ಪೆಟ್ಟಿಗೆ. ವಿದೇಶದ ಇಂಥ ಸಣ್ಣ ತಟ್ಟೆಗಳಲ್ಲಿ ಸಾಮಾನ್ಯವಾಗಿ ಮಗ್ಗುಲಿಗೆ ಒಂದೇ ಹಾಡು. ನಮ್ಮ ಸಿನೆಮಾ ಪ್ಲೇಟುಗಳಲ್ಲಿ ಹೆಚ್ಚಾಗಿ ಮಗ್ಗುಲಿಗೆ ಎರಡು. ಒಂದು ಮಗ್ಗುಲು ಮುಗಿಯುವಷ್ಟರಲ್ಲಿ ಅಮ್ಮನ ಕೈಯಲ್ಲಿ ಒಂದು ಡಜನ್ ಬೀಡಿ ಆಗುತ್ತಿತ್ತು. ಮಗುಚಿ ಹಾಕಿ ಇನ್ನೊಂದು ಮಗ್ಗುಲು ಮುಗಿದರೆ ಹೆಚ್ಚುಕಡಿಮೆ ಇಪ್ಪತ್ತೈದರ ಒಂದು ಕಟ್ಟು. ನಾನು ಮಗ್ಗಿ ಕಲಿಯುವ ಮೊದಲೇ ಈ ಲೆಕ್ಕ ಕಲಿತಿದ್ದೆ. ಮೂರು ದಿನದ ಬೀಡಿಯ ಕೂಲಿ ಒಂದು ಪ್ಲೇಟಿಗೆ ಹೋಗುತ್ತಿತ್ತು ಎನ್ನುತ್ತಾಳೆ ಅಮ್ಮ. ಹಾಗೆ ಮೂವತ್ತೇಳು ಪ್ಲೇಟು. ಇದನ್ನು ಸಂಗ್ರಹ ಎನ್ನದೆ ಇನ್ನೇನೆನ್ನಬೇಕು?

ಆ ‘ಗೀಚಿದ’ ಗುರುತುಗಳ ಕಥೆಯನ್ನೂ ಹೇಳಿಬಿಡುತ್ತೇನೆ. ಅಮ್ಮ ಓದಿದ್ದು ಮೂರನೆಯ ಇಯತ್ತೆ, ಅದೂ ಕನ್ನಡದಲ್ಲಿ. ನಮ್ಮ ಪ್ಲೇಟುಗಳ ನಡುವಿನ ಚೀಟಿಯಲ್ಲಿ ಹಾಡು ಕನ್ನಡದ್ದು, ಅಕ್ಷರ ಇಂಗ್ಲಿಷಿನದ್ದು. ಯಾವ ಪ್ಲೇಟಿನಲ್ಲಿ ಯಾವ ಹಾಡಿದೆ ಎಂದು ತಿಳಿಯುವುದು ಹೇಗೆ? ಆಕೆ ಒಂದೊಂದಕ್ಕೂ ಒಂದು ಚಿತ್ರ ಬರೆದಳು. ‘ಬೆಳ್ಳಿಮೋಡ’ಕ್ಕೆ ಒಂದು ಮೋಡ. ‘ನಾಗರಹಾವು’ ಚಿತ್ರದ ಪ್ಲೇಟಿಗೆ ಹೆಡೆ. ‘ಎರಡು ಕನಸು’ ಚಿತ್ರಕ್ಕೆ ಎರಡು ಮುಚ್ಚಿದ ಕಣ್ಣು. ತುಂಬ ಇಷ್ಟವಾದ ಮಗ್ಗುಲಿಗೆ ಒಂದು ಚುಕ್ಕೆ, ಇನ್ನೂ ಇಷ್ಟವಾದರೆ ಎರಡು. ಲೈಬ್ರರಿಯಲ್ಲಿ ಪುಸ್ತಕಗಳಿಗೆ ನಂಬರು ಹಾಕುತ್ತಾರಲ್ಲ, ಅದೇ ಕೆಲಸವನ್ನು ಅಕ್ಷರ ಸಾಲದ ಹೆಂಗಸೊಬ್ಬಳು ತನ್ನ ಬುದ್ಧಿಯಿಂದ ಮಾಡಿಕೊಂಡಿದ್ದಳು. ಸಂಗ್ರಾಹಕರ ಕಣ್ಣಿಗೆ ಅದು ದೋಷ!

ದೋಷವೆಂದು ಅವರೊಬ್ಬರೇ ಹೇಳುವುದಲ್ಲ. ರೆಕಾರ್ಡು ಸಂಗ್ರಾಹಕರ ಲೋಕದಲ್ಲಿ ಇದಕ್ಕೆ ದರ್ಜೆಗಳಿವೆ. ಎಲ್ಲಕ್ಕಿಂತ ಮೇಲಿನದು ‘ಮಿಂಟ್’. ಎಂದರೆ ಟಂಕಸಾಲೆಯಿಂದ ಆಗತಾನೇ ಬಂದ ನಾಣ್ಯದ ಹಾಗೆ, ಯಾರ ಕೈಯೂ ಸೋಕದ್ದು. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಹೋಗಿ ‘ಗುಡ್’ ಎಂಬ ದರ್ಜೆಗೆ ಬಂದರೆ, ಅದು ಹೆಸರಿಗೆ ಒಳ್ಳೆಯದು, ವಾಸ್ತವದಲ್ಲಿ ಸವೆದು ಕರಕರ ಎನ್ನುವಂಥದ್ದು. ಲೇಬಲ್ ಮೇಲೆ ಯಾರಾದರೂ ಹೆಸರು ಬರೆದಿದ್ದರೆ ಅದನ್ನೂ ಕುಂದು ಎಂದು ನಮೂದಿಸುತ್ತಾರೆ.

ಈ ತಕ್ಕಡಿಯೇ ತಲೆಕೆಳಗು ಎನ್ನುವುದು ನನ್ನ ವಾದ. ಒಂದು ರೆಕಾರ್ಡಿನ ಮಗ್ಗುಲಲ್ಲಿ ಎಷ್ಟು ಗೀರುಗಳಿವೆ ಎಂದು ಮಕ್ಕಳನ್ನು ಕೇಳಿದರೆ ‘ನೂರಾರು’ ಎನ್ನುತ್ತಾರೆ. ಇರುವುದು ಒಂದೇ ಒಂದು. ಹೊರಗಿನ ಅಂಚಿನಿಂದ ಒಳಗಿನ ತನಕ ಸುರುಳಿಯಾಗಿ ಸಾಗುವ ಒಂದೇ ದಾರಿ. ಆ ದಾರಿಯಲ್ಲಿ ಸೂಜಿ ನಡೆದರೆ ಮಾತ್ರ ಅದು ಹಾಡು; ನಡೆಯದಿದ್ದರೆ ಕಪ್ಪು ಬಿಲ್ಲೆ. ಯಾರೂ ನಡೆಯದ ದಾರಿಗೆ ಹೆಚ್ಚು ಬೆಲೆ, ದಿನವೂ ನಡೆದ ದಾರಿಗೆ ಕಡಿಮೆ ಬೆಲೆ ಎಂದರೆ ಏನರ್ಥ? ನನ್ನ ಶಾಲೆಯ ಲೈಬ್ರರಿಯಲ್ಲಿ ಕಪಾಟು ಬಿಟ್ಟು ಕದಲದ ಹೊಳೆಯುವ ಪುಸ್ತಕಗಳೂ ಇವೆ, ಬೆನ್ನು ಕಿತ್ತುಹೋಗಿ ಅಂಟು ಹಚ್ಚಿಸಿಕೊಂಡ ಪುಸ್ತಕಗಳೂ ಇವೆ. ಯಾವುದು ಪುಸ್ತಕದ ಕೆಲಸ ಮಾಡಿದೆ, ನೀವೇ ಹೇಳಿ.

ಬೆಲೆಯ ಮಾತಿಗೆ ಬಂದರೆ, ನಾವು ಗುಜರಿಗೆ ಕೊಟ್ಟ ಸಾಮಾನಿಗೆ ಈಗ ಲೋಕವೆಲ್ಲ ಮುಗಿಬಿದ್ದಿದೆ. ಅಮೆರಿಕದಲ್ಲಿ 2022ರಲ್ಲಿ ಸಿ.ಡಿ.ಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ವಿನೈಲ್ ರೆಕಾರ್ಡುಗಳು ಮಾರಾಟವಾದವು. ಹಳೆಯ ಪಾಪ್ ಹಾಡುಗಳ ಸಣ್ಣ ತಟ್ಟೆಗಳಿಗೆ ಅಲ್ಲಿ ಸಂತೆಗಳೇ ನಡೆಯುತ್ತವೆ. ಬೀಟಲ್ಸ್ ತಂಡದವರ ಕೆಲವು ಹಾಡುಗಳು ನಮ್ಮ ದೇಶದಲ್ಲಿ, ಬೇರೆ ಕಡೆ ಬಹುತೇಕ ಬಿಟ್ಟೇಹೋಗಿದ್ದ 78ರ ವೇಗದ ಹಳೆಯ ತಟ್ಟೆಗಳಲ್ಲಿ ಬಂದಿದ್ದವು. ಕಲ್ಕತ್ತೆಯ ಹತ್ತಿರದ ದಮ್ ದಮ್ ಕಾರ್ಖಾನೆಯಲ್ಲಿ ಒತ್ತಿದ ಆ ತಟ್ಟೆಗಳನ್ನು ಹೊರದೇಶದ ಸಂಗ್ರಾಹಕರು ಇವತ್ತಿಗೂ ಹುಡುಕುತ್ತಾರೆ. ಆದ್ದರಿಂದ ಇನ್ನು ಮುಂದೆ ನಿಮ್ಮ ಮನೆಯ ಬಾಗಿಲಿಗೂ ಬಿಳಿ ಗವಸಿನವರು ಬಂದಾರು. ಬರಲಿ. ಆದರೆ ಅವರು ‘ಯಾರದ್ದು?’ ಎಂದು ಕೇಳಿದಾಗ ನನ್ನಂತೆ ಉತ್ತರಿಸಬೇಡಿ.

‘ಯಾರದ್ದು’ ಎಂಬ ಈ ಪ್ರಶ್ನೆಗೂ ರೆಕಾರ್ಡಿಗೂ ಹಳೆಯ ನಂಟಿದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ, ಮೂರು ಚಿಲ್ಲರೆ ನಿಮಿಷದ ಹಾಡು ಮುಗಿದ ಕೂಡಲೇ ‘ನನ್ನ ಹೆಸರು ಗೌಹರ್ ಜಾನ್’ ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೂಗಿ ಹೇಳಿದಳು. ತಟ್ಟೆ ಒತ್ತುತ್ತಿದ್ದದ್ದು ದೂರದ ಜರ್ಮನಿಯಲ್ಲಿ. ಅಲ್ಲಿನವರಿಗೆ ಹಾಡಿದವರು ಯಾರೆಂದು ತಿಳಿಯಲೆಂದು ಮಾಡಿಕೊಂಡ ಏರ್ಪಾಡು ಅದು. ಕಾರಣ ಏನೇ ಇರಲಿ, ಒಬ್ಬ ಹೆಂಗಸು ತನ್ನ ಕೆಲಸದ ಕೊನೆಗೆ ತನ್ನ ಹೆಸರನ್ನು ತಾನೇ ಹೇಳಿದ ಆ ದನಿ ಇವತ್ತಿಗೂ ಕೇಳಸಿಗುತ್ತದೆ. ಆಕೆ ಕೊನೆಗೆ ನಮ್ಮ ಮೈಸೂರಿಗೇ ಬಂದಳು. 1928ರಲ್ಲಿ ಅರಮನೆಯ ಸಂಗೀತಗಾರ್ತಿಯಾಗಿ ಸೇರಿ, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡಳು.

ಬಿಳಗಿಯ ಅಮೀರ್‌ಬಾಯಿಯೂ ಹಾಗೆಯೇ. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತಳಾದ ಆಕೆ ಹೆಸರಿನ ಮುಂದೆ ಇಟ್ಟುಕೊಂಡದ್ದು ‘ಕರ್ನಾಟಕಿ’ ಎಂದು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ! ಅದಕ್ಕೂ ಮೂವತ್ತು ವರ್ಷ ಮೊದಲೇ ಒಬ್ಬ ಹಾಡುಗಾತಿ ಆ ಹೆಸರನ್ನು ಹೊತ್ತು ತಿರುಗಿದ್ದಳು.

ಆದರೆ ಹೆಸರು ಅಳಿಸುವ ಕೆಲಸವೂ ಜೊತೆಜೊತೆಗೇ ನಡೆದಿತ್ತು. 1949ರ ‘ಮಹಲ್’ ಚಿತ್ರದ ಪ್ರಸಿದ್ಧ ಹಾಡಿನ ತಟ್ಟೆಯ ಮೇಲೆ ಹಾಡಿದವರು ‘ಕಾಮಿನಿ’ ಎಂದು ಅಚ್ಚಾಗಿತ್ತು. ಕಾಮಿನಿ ಎಂದರೆ ಚಿತ್ರದ ಒಂದು ಪಾತ್ರ. ಹಾಡಿದ್ದು ಲತಾ ಮಂಗೇಶ್ಕರ್. ರೇಡಿಯೋ ಕೇಳಿದ ಜನ ಕಾಗದ ಬರೆದು ಬರೆದು ಕೇಳಿದ ಮೇಲೆಯೇ ನಿಜವಾದ ಹೆಸರು ಹೊರಬಂತು. ಕಂಪೆನಿ ಹೇಳದ ಹೆಸರನ್ನು ಹೊರಡಿಸಿದವರು ಕೇಳುಗರು ಎಂಬುದನ್ನು ಗಮನಿಸಿ.

ನಮ್ಮ ನೆರೆಯ ಉದಾಹರಣೆಯನ್ನೇ ಕೊಡುತ್ತೇನೆ. ಬ್ರಹ್ಮಾವರದ ಹತ್ತಿರದ ಆರೂರಿನಲ್ಲಿ 1914ರಲ್ಲಿ ಹುಟ್ಟಿದ ಪಾಂಡೇಶ್ವರ ಕಾಳಿಂಗರಾಯರು ಕನ್ನಡದ ಕವಿತೆಗಳನ್ನು ಮನೆಮನೆಗೆ ಮುಟ್ಟಿಸಿದವರು. ಅವರ ಬಗ್ಗೆ ನಮಗೆಲ್ಲ ಹೆಮ್ಮೆ. ಆದರೆ ಅವರ ಜೊತೆ ಊರೂರು ಸುತ್ತಿ ದನಿಗೂಡಿಸಿದ ಸೋಹನ್ ಕುಮಾರಿ, ಮೋಹನ್ ಕುಮಾರಿ ಅವರ ಹೆಸರು ನಮ್ಮಲ್ಲಿ ಎಷ್ಟು ಜನರ ಬಾಯಿಗೆ ತಟ್ಟನೆ ಬಂದೀತು? ‘ಕಾಳಿಂಗರಾಯರ ಪ್ಲೇಟು’ ಎನ್ನುತ್ತೇವೆ, ಅಷ್ಟೇ.

ಹೆಚ್.ಎಂ.ವಿ. ಎಂದರೆ ‘ಹಿಸ್ ಮಾಸ್ಟರ್ಸ್ ವಾಯ್ಸ್’, ಯಜಮಾನನ ಧ್ವನಿ. ಪೆಟ್ಟಿಗೆಯ ಮುಂದೆ ಕಿವಿಗೊಟ್ಟು ಕುಳಿತ ನಾಯಿಯ ಚಿತ್ರ. ಆ ನಾಯಿಯ ಹೆಸರು ನಿಪ್ಪರ್ ಎಂದು ನಮ್ಮ ಮನೆಗೆ ಬಂದ ಮಹನೀಯರೇ ನನಗೆ ಹೇಳಿಕೊಟ್ಟರು. ಅಚ್ಚು ಯಾವ ವರ್ಷದ್ದು, ಲೇಬಲ್ಲಿನ ಬಣ್ಣ ಯಾವುದು, ಎಲ್ಲವೂ ಅವರಿಗೆ ಬಾಯಿಪಾಠ. ‘ಬೆಳ್ಳಿಮೋಡ’ದ ಪ್ಲೇಟನ್ನು ಕೈಯಲ್ಲಿ ಹಿಡಿದಿದ್ದಾಗ ನಾನು, ‘ಎಸ್. ಜಾನಕಿ ಹಾಡಿದ್ದು’ ಎಂದೆ. ‘ಹೌದಾ?’ ಎಂದರು! ನಾಯಿಯ ಹೆಸರು ಗೊತ್ತು, ಹಾಡಿದವರದ್ದು ಗೊತ್ತಿಲ್ಲ, ಕೊಂಡವರದ್ದು ಬೇಕಾಗಿಲ್ಲ. ನಮ್ಮ ಕಡೆ ಗಂಡನಿಗೆ ‘ಯಜಮಾನರು’ ಎನ್ನುವ ವಾಡಿಕೆ ಇದೆಯಲ್ಲ, ನಮ್ಮ ಮನೆಯ ಟ್ರಂಕಿನ ಮೇಲೂ ಅದೇ ಕಂಪೆನಿಯ ಹೆಸರನ್ನು ನಾನೇ ಅಂಟಿಸಿದಂತಾಗಿತ್ತು. ಗುಲ್ವಾಡಿ ವೆಂಕಟರಾಯರು 1899ರಲ್ಲಿ ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿದ ಕೃತಿಗೆ ‘ಇಂದಿರಾಬಾಯಿ’ ಎಂದು ಹೆಣ್ಣಿನ ಹೆಸರಿಟ್ಟರು. ಊರಿನ ಹೆಸರು ಹೊತ್ತವರು ನೂರಿಪ್ಪತ್ತು ವರ್ಷಕ್ಕೂ ಹಿಂದೆ ಮಾಡಿದ್ದನ್ನು, ಅದೇ ಊರಿನ ಬಿ.ಎ., ಬಿ.ಎಡ್. ಆದ ನಾನು ಒಂದು ಟ್ರಂಕಿನ ವಿಷಯದಲ್ಲಿ ಮಾಡಲಾರದೆ ಹೋದೆ.

ಸಂಗ್ರಾಹಕರನ್ನು ಸಾರಾಸಗಟಾಗಿ ಬೈಯುವುದು ನ್ಯಾಯವಲ್ಲ, ಅದು ನನಗೂ ಗೊತ್ತು. 78ರ ಹಳೆಯ ತಟ್ಟೆಗಳು ಅರಗಿನವು, ಕೈಜಾರಿದರೆ ಹಂಚಿನಂತೆ ಒಡೆಯುತ್ತವೆ. ಎಷ್ಟೋ ಹಾಡುಗಳು ಇಂದು ಉಳಿದಿರುವುದು ಯಾರೋ ಒಬ್ಬ ಹುಚ್ಚ, ಹೆಂಡತಿಯ ಕೈಲಿ ಬೈಸಿಕೊಂಡರೂ ಬಿಡದೆ, ಗುಜರಿ ಅಂಗಡಿಯಿಂದ ಹೊತ್ತು ತಂದದ್ದರಿಂದ. ಹಾಗೆ ತಂದದ್ದನ್ನು ಹಾಡಿಸಿ ನಾಲ್ಕು ಜನರಿಗೆ ಕೇಳಿಸುವವರಿದ್ದಾರೆ. ಅವರಿಗೆ ನನ್ನ ನಮಸ್ಕಾರ. ನನ್ನ ಜಗಳ ಇರುವುದು ಹಾಡನ್ನು ಷೇರಿನ ಕಾಗದದಂತೆ ಬೀಗ ಹಾಕಿಡುವವರ ಜೊತೆ ಮಾತ್ರ.

‘ಈಗ ಎಲ್ಲ ಮೊಬೈಲಿನಲ್ಲೇ ಸಿಗುತ್ತದಲ್ಲ, ಈ ತಟ್ಟೆಗಳ ಗೋಳೇಕೆ?’ ಎನ್ನುತ್ತಾಳೆ ನನ್ನ ಮಗಳು. ಹಾಡು ಸಿಗುತ್ತದೆ, ಒಪ್ಪಿದೆ. ಆದರೆ ಅದರಲ್ಲೂ ನೋಡಿ, ಹಾಡುಗಳ ಪಟ್ಟಿಗೆ ತೆರೆಯ ಮೇಲೆ ತುಟಿ ಆಡಿಸಿದ ನಾಯಕನ ಹೆಸರು ಮೊದಲು. ಹಾಡಿದ ಜಾನಕಿ, ಸುಶೀಲಾ, ವಾಣಿ ಜಯರಾಂ ಎಲ್ಲೋ ಕೆಳಗೆ. ಇನ್ನು ನಮ್ಮ ಮೋಡದ ಗುರುತಿನ ಪ್ಲೇಟಿನಲ್ಲಿ ಒಂದು ಕಡೆ ಸೂಜಿ ತಡೆದು ತಡೆದು ಹಾರುತ್ತದೆ. ಅಲ್ಲಿ ನನ್ನ ತಮ್ಮ ಅಂಬೆಗಾಲಿಟ್ಟು ಬಂದು ಕೈ ಹಾಕಿದ್ದ. ಆ ತಡೆ ಯಾವ ಮೊಬೈಲಿನಲ್ಲಿ ಸಿಕ್ಕೀತು? ಹಾಡು ಎಲ್ಲರದ್ದು, ಆ ಪ್ಲೇಟು ನಮ್ಮ ಮನೆಯದ್ದು.

ಆದ್ದರಿಂದ ನನ್ನ ಅಕ್ಕತಂಗಿಯರಲ್ಲಿ ಕೆಲವು ಮಾತು. ನಿಮ್ಮ ಅಟ್ಟದಲ್ಲಿ ಇಂಥ ಪೆಟ್ಟಿಗೆ ಇದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕುವ ಮೊದಲು ಮನೆಯ ಹಿರಿಯ ಹೆಂಗಸರ ಬಳಿ ಕುಳಿತು ಕೇಳಿ. ಯಾವುದನ್ನು ಯಾರು ಕೊಂಡರು, ಯಾವ ದುಡ್ಡಿನಿಂದ ಕೊಂಡರು, ಯಾವ ಕೆಲಸ ಮಾಡುತ್ತ ಕೇಳುತ್ತಿದ್ದರು ಎಂದು ಒಂದು ನೂರು ಪುಟದ ನೋಟುಪುಸ್ತಕದಲ್ಲಿ ಬರೆದಿಡಿ. ಪ್ಲೇಟುಗಳನ್ನು ದೋಸೆಯಂತೆ ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದಂತೆ ನಿಲ್ಲಿಸಿಡಿ. ನಮ್ಮ ಮಳೆಗಾಲದಲ್ಲಿ ಬೂಸಲು ಬರುತ್ತದೆ. ಮಳೆ ಬಿಟ್ಟ ಮೇಲೆ ಮೆತ್ತನೆಯ ಒಣ ಬಟ್ಟೆಯಿಂದ ಗೀರು ಹೋದ ದಿಕ್ಕಿನಲ್ಲೇ ಒರೆಸಿ. ಅರಗಿನ ಹಳೆಯ ತಟ್ಟೆಗೆ ಸ್ಪಿರಿಟ್ ತಾಗಿಸಲೇಬೇಡಿ, ಅರಗು ಕರಗುತ್ತದೆ. ಎಲ್ಲಕ್ಕಿಂತ ಮುಖ್ಯ, ಹಾಡಿಸಿ. ಮಾರುವುದೇ ಆದರೆ ಮಾರಿ, ತಪ್ಪಲ್ಲ. ಆದರೆ ಮಾರುವ ಹಕ್ಕು ಯಾರದ್ದೋ ಅವರನ್ನು ಕೇಳಿ ಮಾರಿ. ನಾವಿಬ್ಬರು ಅಕ್ಷರಸ್ಥ ಮಕ್ಕಳು ಅವತ್ತು ಅದನ್ನೂ ಮಾಡಿರಲಿಲ್ಲ.

ಕೊನೆಗೆ ಆ ಪ್ಲೇಟುಗಳು ಏನಾದವು ಎಂದು ನೀವು ಕೇಳಬಹುದು. ಅಮ್ಮ ಗುರುತು ಹಾಕಿದ ಮೂವತ್ತೇಳನ್ನು ಕೊಡಲಿಲ್ಲ. ಗುರುತಿಲ್ಲದ ಒಂಬತ್ತನ್ನು ನಗುನಗುತ್ತ ಕೊಟ್ಟಳು. 1800 ರೂಪಾಯಿ ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಂದವರು ಗೆದ್ದ ಮುಖ ಮಾಡಿಕೊಂಡು ಹೊರಟರು. ಅವರು ಹೋದ ಮೇಲೆ ನಾನು, ‘ಅಲ್ಲಮ್ಮ, ಚೆಂದದ್ದನ್ನೆಲ್ಲ ಕೊಟ್ಟೆಯಲ್ಲ!’ ಎಂದೆ.

‘ಎಂತ ಚೆಂದ?’ ಎಂದಳು ಅಮ್ಮ. ಅವು ಅಪ್ಪಯ್ಯನ ಹೋಟೆಲಿಗೆ ಬರುತ್ತಿದ್ದ ಯಾರೋ ಗಿರಾಕಿ ಊರು ಬಿಡುವಾಗ ಕೊಟ್ಟು ಹೋದ ಇಂಗ್ಲಿಷ್ ಪಾಪ್ ಹಾಡುಗಳಂತೆ. ಒಮ್ಮೆ ಹಾಕಿ ನೋಡಿ, ಮನಸ್ಸಿಗೆ ಬಾರದೆ ಎತ್ತಿಟ್ಟದ್ದು. ಮನೆಯಲ್ಲಿ ಯಾರಿಗೂ ಬೇಡವಾದ್ದರಿಂದಲೇ ಅವು ಮಿಂಟಿನಂತೆ ಹೊಳೆಯುತ್ತ ಉಳಿದಿದ್ದವು. ಬೆಂಗಳೂರಿನ ಏಸಿ ಕೋಣೆಯಲ್ಲಿಯೂ ಅವನ್ನು ಯಾರೂ ಕೇಳುವುದಿಲ್ಲ. ಅಲ್ಲಿಗೆ ಅವುಗಳ ಬದುಕಿನಲ್ಲಿ ಏನೂ ಬದಲಾಗಲಿಲ್ಲ.

ಆ ದುಡ್ಡಿನಲ್ಲಿ ಫಿಯೆಸ್ಟಾ ಪೆಟ್ಟಿಗೆಗೆ ಹೊಸ ಸೂಜಿ ಹುಡುಕಿಸಿ ಹಾಕಿಸಿದೆವು. ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅಮ್ಮನ ಹೆಸರು ಬರೆದಿದ್ದೇನೆ. ಇಲ್ಲಿಯೂ ಬರೆಯಬೇಕೆಂದಿದ್ದೆ. ‘ಪೆಟ್ಗಿ ಮೇಲ್ ಸಾಕ್, ಪುಸ್ತಕದಂಗೆಲ್ಲ ಬೇಡ’ ಎಂದಳು. ಈ ಸಲ ಆಕೆಯನ್ನು ಕೇಳಿಯೇ ಬಿಟ್ಟಿದ್ದೇನೆ.